ಮಂಗಳವಾರದ ಬೆಂಕಿ

ಗಾರ್ಸೈಡ್ ಮನೆ, ಹ್ಯಾಲಿಫ್ಯಾಕ್ಸ್
೧೮೮೧ರ ಜನವರಿ ೨೧, ಶುಕ್ರವಾರ ಮಧ್ಯಾಹ್ನ

ನನ್ನ ಪ್ರೀತಿಯ ಆಂಬ್ರೋಸ್,

ಹೇಗಿದ್ದೀರಿ? ಮೊಣಕಾಲಿನ ಹಳೆಯ ನೋವು ಆ ದ್ವೀಪದ ಬಿಸಿಲಿಗೆ ಸ್ವಲ್ಪ ಸಡಿಲವಾಯಿತೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರೋ, ಇಲ್ಲ ಹಡಗು ಬಂತೆಂದರೆ ತಟ್ಟೆ ಬಿಟ್ಟು ಬಂದರಿಗೆ ಓಡುತ್ತೀರೋ? ಹಡಗುಗಳಿಗೆ ಕಲ್ಲಿದ್ದಲು ತುಂಬಿಸುವಾಗ ಆ ಧೂಳಿನಲ್ಲಿ ನಿಲ್ಲಬೇಡಿ, ಬಾಯಿಗೆ ಕರವಸ್ತ್ರ ಕಟ್ಟಿಕೊಳ್ಳಿ ಎಂದು ನಾನು ಪ್ರತಿ ಕಾಗದದಲ್ಲೂ ಬರೆಯುತ್ತೇನೆ, ನೀವು ಅದೊಂದಕ್ಕೆ ಮಾತ್ರ ಉತ್ತರ ಕೊಡುವುದಿಲ್ಲ. ಫಂಚಾಲ್‌ನಲ್ಲಿ ಕ್ರಿಸ್‌ಮಸ್ ದಿನ ಕಿಟಕಿ ತೆರೆದಿಟ್ಟುಕೊಂಡು ಊಟ ಮಾಡಿದೆವು ಎಂದು ಬರೆದಿದ್ದಿರಲ್ಲ, ಅದನ್ನು ಟಿಲ್ಲಿಗೆ ಓದಿ ಹೇಳಿದೆ. "ಕಿಟಕಿ ತೆಗ್ದಿದ್ದಕ್ಕೆ ಅಪ್ಪಂಗೆ ಯಾರೂ ಬೈಯಲಿಲ್ವಾ?" ಎಂದು ಕೇಳಿದಳು. ಅಕ್ಷರ ಅಂಕುಡೊಂಕಾಗಿದ್ದರೆ ಕ್ಷಮಿಸಿ. ನನ್ನ ಕೋಣೆಯಲ್ಲಿ ಮಸಿ ಹೆಪ್ಪುಗಟ್ಟಿ ಕಲ್ಲಾಗಿತ್ತು, ಅಡುಗೆಯ ಬಿನ್ಸ್ ಅದನ್ನು ಒಲೆಯ ಪಕ್ಕ ಇಟ್ಟು ಕರಗಿಸಿ ಕೊಟ್ಟಳು. ಬೆರಳುಗಳೆಲ್ಲ ಚಳಿಗೆ ಊದಿಕೊಂಡು ಬಿರಿದಿವೆ. ಈಗ ದಿವಾನಖಾನೆಯಲ್ಲಿ, ಉರಿಯುವ ಬೆಂಕಿಯ ಎದುರು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಶುಕ್ರವಾರದ ದಿನ ದಿವಾನಖಾನೆಯಲ್ಲಿ ಬೆಂಕಿಯೇ ಎಂದು ನೀವು ಕಾಗದ ಕೆಳಗಿಡುತ್ತೀರಿ ಎಂದು ಗೊತ್ತು. ಇಡಬೇಡಿ. ಓದಿ.

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಟಿಲ್ಲಿ ಬದುಕಿದ್ದಾಳೆ. ಈ ಸಾಲು ಬರೆಯುವ ಹೊತ್ತಿಗೆ ಬದುಕಿದ್ದಾಳೆ. ನನ್ನ ಎಡಗೈಗೆ ಎಟುಕುವಷ್ಟು ಹತ್ತಿರ ಅವಳ ತೊಟ್ಟಿಲಮಂಚ ಇದೆ, ಒಂದೊಂದು ಉಸಿರಿಗೂ ಅವಳ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಹೋಗುತ್ತಿದೆ. ನೀವು ಓದುವ ಹೊತ್ತಿಗೆ ಏನಾಗಿರುತ್ತದೋ ನನಗೆ ಗೊತ್ತಿಲ್ಲ. ಹಿಮ ಬಿದ್ದು ರೈಲು ನಿಂತಿದೆ, ಈ ಕಾಗದ ಯಾವತ್ತು ಹೊರಡುತ್ತದೋ ಅದೂ ಗೊತ್ತಿಲ್ಲ. ಡಿಸೆಂಬರಿನಲ್ಲಿ ಎರಡು ಸಲ ಬರೆದೆ, ಮಗುವಿಗೆ ಕೆಮ್ಮು ಬಿಡುತ್ತಿಲ್ಲ, ಮೇಲಿನ ಕೋಣೆಗೆ ಬೆಂಕಿ ಬೇಕು, ನಿಮ್ಮ ತಾಯಿಗೆ ಒಂದು ಮಾತು ಬರೆಯಿರಿ ಎಂದು. ನೀವು ಬರೆದದ್ದು ಇಷ್ಟು: ಅಮ್ಮ ಮೂವತ್ತು ವರ್ಷದಿಂದ ಆ ಮನೆ ನಡೆಸಿದ್ದಾರೆ, ಅವರು ಹೇಳಿದಂತೆ ಕೇಳು. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಹರಿದುಹೋಗಿದೆ. ಅಂದು ನಿಮ್ಮ ಮೇಲೆ ಎಂಥ ಸಿಟ್ಟು ಬಂದಿತ್ತು ಎಂದರೆ, ಮೂರು ದಿನ ನಿಮ್ಮ ಹೆಸರನ್ನು ಪ್ರಾರ್ಥನೆಯಲ್ಲಿ ಹೇಳಲಿಲ್ಲ. ಈಗ ಆ ಸಿಟ್ಟು ಇಲ್ಲ. ಯಾಕೆ ಇಲ್ಲ ಎಂಬುದನ್ನು ಹೇಳಲಿಕ್ಕೇ ಈ ಕಾಗದ.

ನಿಮ್ಮ ಮನೆಯ ಪದ್ಧತಿಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಹೊರಗಿನಿಂದ ಬಂದವಳಿಗೆ ಅದು ಹೇಗಿತ್ತು ಎಂದು ನೀವು ಯಾವತ್ತೂ ಕೇಳಲಿಲ್ಲ. ನನ್ನಪ್ಪ ಹಳ್ಳಿಯ ಶಾಲೆಯ ಮಾಸ್ತರ. ನಾವು ಆರು ಜನ ಮಕ್ಕಳು ಒಂದೇ ಅಗ್ಗಿಷ್ಟಿಕೆಗೆ ಕಾಲು ಚಾಚಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ಬೆಳೆದವರು. ಮದುವೆಯಾಗಿ ಬಂದ ಮೊದಲ ಮಂಗಳವಾರ, ಅತ್ತೆಯವರನ್ನು ನೋಡಲು ಹೆಂಗಸರು ಬರುವ ದಿನ, ನಾನು ದಿವಾನಖಾನೆಗೆ ಬಂದವಳೇ ಎರಡೂ ಕೈಯನ್ನು ಬೆಂಕಿಗೆ ಚಾಚಿದೆ. ಅತ್ತೆಯವರು ನಗುನಗುತ್ತಲೇ ನನ್ನ ಕಿವಿಯ ಬಳಿ ಬಗ್ಗಿ, "ಬೆಂಕಿ ಎಲ್ಲೂ ಓಡಿಹೋಗಲ್ಲ ಹೆಸ್ಟರ್, ಕೈ ಮಡಿಲಲ್ಲಿ ಇಟ್ಕೋ" ಎಂದರು. ಆಮೇಲೆ ಒಂದೊಂದೇ ಕಲಿತೆ. ಬೆಂಕಿಯ ಹತ್ತಿರದ ಕುರ್ಚಿ ಬಂದವರದು, ಮನೆಯವರದಲ್ಲ. ಬಂದವರೂ ಮೇಲಂಗಿ ಬಿಚ್ಚಬಾರದು, ಕಾಲು ಗಂಟೆಗಿಂತ ಹೆಚ್ಚು ಕೂರಬಾರದು. ಲಂಗವನ್ನು ಬೆಂಕಿಯ ಕಡೆ ಹರಡಬಾರದು. ಮುಖ ಕೆಂಪಾಗದಂತೆ ಬೀಸಣಿಗೆಯಂಥ ಮರೆಯನ್ನು ಕೈಯಲ್ಲಿ ಹಿಡಿದಿರಬೇಕು. ಎಲ್ಲಕ್ಕಿಂತ ದೊಡ್ಡದು, ಚಳಿ ಎಂಬ ಮಾತೇ ಬಾಯಲ್ಲಿ ಬರಬಾರದು. ಇನ್ನೊಬ್ಬರ ಮನೆಯಲ್ಲಿ ಕೂತು ಚಳಿ ಎಂದರೆ ಆ ಮನೆಯಾಕೆಯ ಮುಖಕ್ಕೆ ಹೊಡೆದಂತೆ. ಹೊರಗೆ ಹಿಮ ಮೊಳಕಾಲಿನವರೆಗೆ ಬಿದ್ದಿರಲಿ, ಒಳಗೆ ಎಲ್ಲರೂ ಪಾದ್ರಿಗಳ ಉಪದೇಶದ ಬಗ್ಗೆ ಮಾತಾಡುತ್ತ ಒಳಗೊಳಗೇ ಹಲ್ಲು ಕಚ್ಚಿಕೊಂಡಿರಬೇಕು.

ಇದೆಲ್ಲ ಹ್ಯಾಲಿಫ್ಯಾಕ್ಸಿನ ಎಲ್ಲ ದೊಡ್ಡ ಮನೆಗಳಲ್ಲೂ ಇದ್ದದ್ದೇ. ಆದರೆ ಮೇಲಿನ ಮಹಡಿಯಲ್ಲಿ ಒಂದು ಕೋಣೆಗೂ ಬೆಂಕಿ ಇಲ್ಲ ಎನ್ನುವುದು ಈ ಮನೆಯಲ್ಲಿ ಮಾತ್ರ. ಕೆಳಗೆ ಬೆಳಗಿನ ತಿಂಡಿಯ ಹೊತ್ತು ಊಟದ ಕೋಣೆಯಲ್ಲಿ ಒಂದು ಗಂಟೆ, ಮಂಗಳವಾರ ಮೂರರಿಂದ ಐದರವರೆಗೆ ದಿವಾನಖಾನೆಯಲ್ಲಿ. ಅದಕ್ಕೂ ಹಿತ್ತಾಳೆಯ ಜಾಲರಿ, ಜಾಲರಿಗೆ ಕೊಂಡಿ. ಹಾಸಿಗೆ ಕಾಯಿಸುವ ಕೆಂಡದ ಬಾಂಡಲೆ ಕೂಡ ಈ ಮನೆಗೆ ಬರುವಂತಿಲ್ಲ. ಬಿಸಿನೀರಿನ ಕಲ್ಲುಜಾಡಿ, ಬಟ್ಟೆಯಲ್ಲಿ ಸುತ್ತಿದ ಕಾದ ಇಟ್ಟಿಗೆ, ಎದೆಗೆ ಬಾತುಕೋಳಿಯ ಕೊಬ್ಬು, ಕುಪ್ಪಸದೊಳಗೆ ಕಂದು ಕಾಗದ, ಒಂದರ ಮೇಲೊಂದು ಮೂರು ಫ್ಲ್ಯಾನೆಲ್ ಲಂಗ, ಇಷ್ಟರಲ್ಲೇ ನಾಲ್ಕು ಚಳಿಗಾಲ ಕಳೆದೆ. ಟಿಲ್ಲಿ ಹುಟ್ಟಿದ ಮಾರ್ಚಿನಲ್ಲಿ ಬಾಣಂತಿಯ ಕೋಣೆಗೂ ಬೆಂಕಿ ಬರಲಿಲ್ಲ. ಸೂಲಗಿತ್ತಿ ಕಂಬಳಿ ಹೊದ್ದುಕೊಂಡೇ ಕೆಲಸ ಮಾಡಿದಳು, ಹೋಗುವಾಗ ಬಿನ್ಸಳ ಹತ್ತಿರ "ಈ ಮನೇಲಿ ಹುಟ್ಟೋದಕ್ಕಿಂತ ಕೊಟ್ಟಿಗೇಲಿ ಹುಟ್ಟೋದೇ ವಾಸಿ, ಹಸುವಿನ ಉಸಿರಾದ್ರೂ ಇರುತ್ತೆ" ಎಂದಳಂತೆ. ನೆಲದಡಿಯಲ್ಲಿ ಕಲ್ಲಿದ್ದಲು ಇರುವ ಊರಿನಲ್ಲಿ, ಕಲ್ಲಿದ್ದಲನ್ನೇ ಮಾರುವ ಗಂಡನ ಹೆಂಡತಿ, ಬೆಂಕಿಗಾಗಿ ಅಡುಗೆಮನೆಯ ಬಾಗಿಲಲ್ಲಿ ಭಿಕ್ಷುಕಿಯಂತೆ ನಿಲ್ಲುತ್ತಿದ್ದೆ. ಊರಿನವರೆಲ್ಲ ಅತ್ತೆಯವರನ್ನು ಜಿಪುಣಿ ಎನ್ನುತ್ತಾರೆ. ಎರಡು ಮನೆ ಆಚೆಯ ಶ್ರೀಮತಿ ಪಿಕರ್ಸ್‌ಗಿಲ್ ಚರ್ಚಿನ ಮೆಟ್ಟಿಲ ಮೇಲೆ, ನನಗೆ ಕೇಳಲಿ ಎಂದೇ, "ಗಾರ್ಸೈಡರ ಮನೆಗೆ ಹೋಗೋದಾದ್ರೆ ನಾನು ಉಯಿಲು ಬರೆದಿಟ್ಟೇ ಹೋಗೋದು" ಎಂದರು. ನಾನೂ ಅತ್ತೆಯವರನ್ನು ಹಾಗೇ ಅಂದುಕೊಂಡಿದ್ದೆ, ಆಂಬ್ರೋಸ್. ಜಿಪುಣಿ ಎಂದು. ಕಲ್ಲು ಎಂದು. ಅಂದುಕೊಂಡಿದ್ದೇನು, ಒಂದು ಸಲ ಅಂದೂ ಬಿಟ್ಟೆ.

ಅದು ಕಳೆದ ಶುಕ್ರವಾರ. ಡಾಕ್ಟರ್ ಓರ್ಮರಾಡ್ ಬಂದು ಟಿಲ್ಲಿಯ ಬೆನ್ನಿಗೆ ಕಿವಿಯಿಟ್ಟು ಕೇಳಿದರು. ಎದ್ದು ನಿಂತು ಕೋಣೆಯನ್ನೆಲ್ಲ ನೋಡಿದರು. ಅಗ್ಗಿಷ್ಟಿಕೆಗೆ ಹಲಗೆ ಹೊಡೆದು ಮೇಲೆ ಹೂವಿನ ಕಾಗದ ಅಂಟಿಸಿದೆಯಲ್ಲ, ಅದನ್ನು ಬೆರಳಲ್ಲಿ ತಟ್ಟಿ, "ಇದನ್ನ ಇವತ್ತೇ ತೆಗೆಸಿ. ಹಗಲೂ ರಾತ್ರಿ ಒಂದೇ ಸಮ ಬೆಚ್ಚಗಿರಬೇಕು. ಉದ್ದ ಮೂತಿಯ ಕೆಟಲ್ ಇಟ್ಟು ಹಬೆ ಬಿಡಿ. ಇಲ್ಲದಿದ್ರೆ ಕಫ ಎದೆಗೆ ಇಳಿಯುತ್ತೆ" ಎಂದರು. ಬಾಗಿಲಲ್ಲಿ ನಿಂತಿದ್ದ ಅತ್ತೆಯವರು, "ಮಗುನ ಬೆಚ್ಚಗೆ ಇಡ್ತೀವಿ ಡಾಕ್ಟರೇ. ಬೆಂಕಿ ಮಾತ್ರ ಮೇಲಕ್ಕೆ ಹೋಗಲ್ಲ" ಎಂದರು. ಡಾಕ್ಟರು ನನ್ನ ಕಡೆ ನೋಡಿದರು, ಟೋಪಿ ತೆಗೆದುಕೊಂಡರು, ಹೋದರು. ಮನೆಯ ಯಜಮಾನಿಯೊಂದಿಗೆ ವಾದಿಸುವುದು ಅವರ ಪದ್ಧತಿಯಲ್ಲ. ನಾನು ಅತ್ತೆಯವರ ಹಿಂದೆ ಮೆಟ್ಟಿಲವರೆಗೆ ಹೋದೆ. ಬೇಡಿಕೊಂಡೆ. ಹಾಗಾದರೆ ಮಗುವನ್ನು ಅಡುಗೆಮನೆಗಾದರೂ ಒಯ್ಯುತ್ತೇನೆ, ಬಿನ್ಸ್ ತನ್ನ ಒಲೆಯ ಪಕ್ಕ ಹಾಸಿಗೆ ಹಾಕುತ್ತಾಳಂತೆ ಎಂದೆ. ಒಲೆ ಎಂದದ್ದೇ ತಡ, ಅವರ ಮುಖ ಬಿಳಿಚಿತು. "ಒಲೆ ಹತ್ರ ಮಗುನ ಒಯ್ದ್ರೆ ಈ ಮನೇಲಿ ನಿನಗೆ ಜಾಗ ಇಲ್ಲ" ಎಂದರು. ಆಗಲೇ ನಾನು ಅಂದದ್ದು. ನಿಮ್ಮ ಎದೆಯಲ್ಲಿ ಇರೋದೂ ಹಲಗೆ ಹೊಡೆದ ಅಗ್ಗಿಷ್ಟಿಕೆನೇ ಎಂದೆ. ಅವರು ಕೈಗವಸು ಸರಿಮಾಡಿಕೊಂಡು ಕೆಳಗಿಳಿದು ಹೋದರು.

ಶನಿವಾರ, ಭಾನುವಾರ, ಸೋಮವಾರ ಇಟ್ಟಿಗೆ ಹೊತ್ತೆ. ಬಿನ್ಸ್ ಒಲೆಯಲ್ಲಿ ಎಂಟು ಇಟ್ಟಿಗೆ ಕಾಯಿಸುತ್ತಿದ್ದಳು, ನಾಲ್ಕು ಮೇಲೆ, ನಾಲ್ಕು ಒಲೆಯಲ್ಲಿ. ಮೂವತ್ತೆರಡು ಮೆಟ್ಟಿಲು. ಮೇಲೆ ತರುವಷ್ಟರಲ್ಲಿ ಅರ್ಧ ಬಿಸಿ ಮೆಟ್ಟಿಲಿಗೇ ಹೋಗಿರುತ್ತಿತ್ತು. ಕಿಟಕಿಯ ಗಾಜಿನ ಒಳಗಡೆ ಬೆರಳು ದಪ್ಪ ಮಂಜುಗಡ್ಡೆ. ಟಿಲ್ಲಿಯ ತಲೆಗೆ ನಿಮ್ಮ ಬೇಟೆಯ ಟೋಪಿ ಹಾಕಿದ್ದೆ, ನನ್ನ ರವಿಕೆಯೊಳಗೆ ಅವಳನ್ನು ಸೇರಿಸಿಕೊಂಡು ಕೂತಿರುತ್ತಿದ್ದೆ. ಅವಳು ಅಳುವುದನ್ನು ಭಾನುವಾರವೇ ನಿಲ್ಲಿಸಿದಳು. ಮಕ್ಕಳು ಅಳುತ್ತಿದ್ದರೆ ಹೆದರಬಾರದು, ಅಳು ನಿಲ್ಲಿಸಿದರೆ ಹೆದರಬೇಕು ಎಂದು ನನಗೆ ಅಂದೇ ಗೊತ್ತಾದದ್ದು. ಬಿನ್ಸ್ ಸೋಮವಾರ ಇಟ್ಟಿಗೆ ಕೊಡುತ್ತ, "ಕದ್ದು ಬೆಂಕಿ ಹಾಕೋಣ ಚಿಕ್ಕಮ್ಮಾವ್ರೇ, ಬೈಗುಳ ನಾನು ತಿಂತೀನಿ. ಮೂವತ್ತು ವರ್ಷ ತಿಂದಿದ್ದೀನಿ, ಇನ್ನೊಂದು ತುತ್ತು ಹೆಚ್ಚಲ್ಲ" ಎಂದಳು. ಹಲಗೆಯನ್ನು ಇಬ್ಬರೂ ಸೇರಿ ಕೀಳಲು ನೋಡಿದೆವು. ಒಂದೊಂದು ಮೊಳೆಯೂ ಬೆರಳುದ್ದ. ಅಷ್ಟು ಮೊಳೆ ಯಾಕೆ ಹೊಡೆದರು ಎಂದು ನಾನು ಕೇಳಿದರೆ ಬಿನ್ಸ್ ಮುಖ ಬೇರೆ ಕಡೆ ತಿರುಗಿಸಿ, ಕೆಳಗೆ ಸಾರು ಉಕ್ಕುತ್ತಿದೆ ಎಂದು ಹೊರಟುಹೋದಳು.

ಮಂಗಳವಾರ ಬಂತು. ಬೆಳಗಿನಿಂದ ಬಿರುಗಾಳಿ, ಎದುರಿನ ಮನೆಯೂ ಕಾಣದಷ್ಟು ಹಿಮ. ಯಾರೂ ಬರಲಾರರು ಎಂದುಕೊಂಡೆ. ಆದರೂ ಮೂರು ಗಂಟೆಗೆ ದಿವಾನಖಾನೆಯಲ್ಲಿ ಬೆಂಕಿ ಉರಿಯಿತು, ಅತ್ತೆಯವರು ಕಪ್ಪು ರೇಷ್ಮೆ ಉಟ್ಟು ಕೂತರು, ನಾನು ಚಹಾ ಬಗ್ಗಿಸಲು ಕೆಳಗೆ ಬರಬೇಕು ಎಂದು ಹೇಳಿಕಳಿಸಿದರು. ಬಿನ್ಸಳನ್ನು ಟಿಲ್ಲಿಯ ಹತ್ತಿರ ಕೂರಿಸಿ ಇಳಿದು ಬಂದೆ. ಮೂರೂವರೆಗೆ ಶ್ರೀಮತಿ ಪಿಕರ್ಸ್‌ಗಿಲ್ ಬಂದೇಬಿಟ್ಟರು, ಜೊತೆಗೆ ಮದುವೆಯಾಗದ ತಂಗಿ ಮಿಸ್ ಟ್ಯಾಬಿತಾ. ಎರಡು ಮನೆ ದಾಟುವಷ್ಟಕ್ಕೇ ಇಬ್ಬರೂ ಟೋಪಿಗೆ ಅಲಂಕಾರಕ್ಕೆ ಸಿಕ್ಕಿಸಿದ್ದ ಹಕ್ಕಿಗಳು ಹಿಮದಲ್ಲಿ ನೆಂದು ಸತ್ತವೇ ಇನ್ನೊಮ್ಮೆ ಸತ್ತಂತಿದ್ದವು. ಬೆಂಕಿಯ ಪಕ್ಕದ ಕುರ್ಚಿಗಳಲ್ಲಿ ಕೂತು, ಅಂಗೈಯನ್ನು ಬೆಂಕಿಗೆ ತೋರಿಸದೆ ತೋರಿಸುವ ಆ ವಿದ್ಯೆಯನ್ನು ಪ್ರಯೋಗಿಸುತ್ತ, "ಮೊಮ್ಮಗಳು ಹೇಗಿದ್ದಾಳೆ? ಮೇಲೆ ಆಟ ಆಡ್ತಿದ್ದಾಳಾ?" ಎಂದರು. ಅತ್ತೆಯವರು "ಸ್ವಲ್ಪ ನೆಗಡಿ" ಎಂದರು. ನಾನು ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದೆ. ನನ್ನ ಕಿವಿಯೆಲ್ಲ ಮೇಲಿನ ಮಾಳಿಗೆಯಲ್ಲಿತ್ತು. ಕೆಮ್ಮು ಕೇಳಿಸುತ್ತಿತ್ತು, ಒಣ ಕೆಮ್ಮು, ನಾಯಿ ಬೊಗಳಿದಂತೆ. ಒಂದು, ಎರಡು. ಆಮೇಲೆ ಇಲ್ಲ. ಆಮೇಲೂ ಇಲ್ಲ. ಆಮೇಲೆ ಬಿನ್ಸ್ "ಚಿಕ್ಕಮ್ಮಾವ್ರೇ!" ಎಂದು ಕೂಗಿದ್ದು ಕೇಳಿಸಿತು.

ಚಹಾದ ಪಾತ್ರೆಯನ್ನು ಎಲ್ಲಿಟ್ಟೆನೋ ತಿಳಿಯದು. ಮೇಜಿನ ಮೇಲೆ ಇಟ್ಟೆನೆಂದು ಅಂದುಕೊಂಡಿದ್ದೆ, ಮಿಸ್ ಟ್ಯಾಬಿತಾರ ಮಡಿಲಲ್ಲಿ ಇಟ್ಟಿದ್ದೆನಂತೆ. ಮೇಲೆ ಹೋದರೆ ಟಿಲ್ಲಿಯ ತುಟಿ ನೀಲಿ, ಉಗುರು ನೀಲಿ, ಕಣ್ಣು ಅರ್ಧ ತೆರೆದಿತ್ತು. ಕಂಬಳಿಯ ಸಮೇತ ಬಾಚಿಕೊಂಡು ಇಳಿದೆ. ದಿವಾನಖಾನೆಯ ಬಾಗಿಲನ್ನು ಕಾಲಿನಿಂದ ಒದ್ದೆ, ಆಂಬ್ರೋಸ್. ಬಂದವರಿಗೂ ಬೆಂಕಿಗೂ ನಡುವೆ ಹಾದುಹೋದೆ, ಕಂಬಳಿ ಕೆಳಗೆ ಬಿತ್ತು, ಜಾಲರಿಯ ಕೊಂಡಿ ಕಿತ್ತೆಸೆದೆ, ನೆಲದ ಮೇಲೆ ಕೂತು ಮಗುವನ್ನು ಉರಿಯ ಎದುರು ಹಿಡಿದೆ. ಬೆನ್ನು ತಿಕ್ಕಿದೆ, ಪಾದ ತಿಕ್ಕಿದೆ, ಹೆಸರು ಹಿಡಿದು ಕೂಗಿದೆ. ಶ್ರೀಮತಿ ಪಿಕರ್ಸ್‌ಗಿಲ್ ಎದ್ದು ನಿಂತು "ಅಯ್ಯೋ, ರಾತ್ರಿ ಅಂಗಿಯಲ್ಲಿ!" ಎಂದರು. ಅವರಿಗೆ ಕಂಡದ್ದು ಅದು. ಅಷ್ಟರಲ್ಲಿ ಅತ್ತೆಯವರು ಕಿರುಚಿದರು. ನೀವು ಅವರ ಕಿರುಚಾಟ ಕೇಳಿರಲಾರಿರಿ ಎಂದು ಬರೆಯಲು ಹೊರಟಿದ್ದೆ. ಕೇಳಿದ್ದೀರಿ. ಅದು ಈಗ ಗೊತ್ತಾಗಿದೆ. "ತೆಗಿ ಅವಳನ್ನ! ಬಟ್ಟೆ, ಬಟ್ಟೆ, ಬಟ್ಟೆ ಹಿಡಿ!" ಎಂದು ಕುರ್ಚಿ ಉರುಳಿಸಿಕೊಂಡು ಬಂದು ನನ್ನ ಪಕ್ಕ ಬಿದ್ದರು. ನನ್ನಿಂದ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದುಕೊಂಡು ನಾನು ಹಲ್ಲು ಕಚ್ಚಿದೆ. ಅವರು ಕಿತ್ತುಕೊಳ್ಳಲಿಲ್ಲ. ಟಿಲ್ಲಿಯ ಅಂಗಿಯ ಅಂಚನ್ನು ಎರಡೂ ಮುಷ್ಟಿಯಲ್ಲಿ ಒಟ್ಟುಮಾಡಿ, ಹಿಂಡಿ, ಹಿಡಿದುಕೊಂಡು ಕೂತರು. ಅಂಚಿನ ಒಂದು ಎಳೆಯೂ ಬೆಂಕಿಯ ಕಡೆ ಹೋಗದಂತೆ. ಬಂದವರು ಹೊರಡುತ್ತೇವೆ ಎಂದರು, ಅತ್ತೆಯವರು ತಿರುಗಿಯೂ ನೋಡಲಿಲ್ಲ. ಇನ್ನೊಮ್ಮೆ ಹೇಳಿದರು. ಆಗ ಅತ್ತೆಯವರು, "ಬಾಗಿಲು ಎಲ್ಲಿದೆ ನಿಮಗೆ ಗೊತ್ತು" ಎಂದರು. ನಿಮ್ಮ ತಾಯಿ, ಆಂಬ್ರೋಸ್. ಮಂಗಳವಾರ. ಶ್ರೀಮತಿ ಪಿಕರ್ಸ್‌ಗಿಲ್‌ಗೆ.

ಟಿಲ್ಲಿ ಕೆಮ್ಮಿದಳು. ಕಫದ ಒಂದು ಗಡ್ಡೆ ನನ್ನ ತೋಳಿನ ಮೇಲೆ ಬಿತ್ತು, ಉಸಿರು ಬಂತು, ತುಟಿ ಮೆಲ್ಲಗೆ ಬಣ್ಣಕ್ಕೆ ತಿರುಗಿತು. ಬಿನ್ಸ್ ಬಿರುಗಾಳಿಯಲ್ಲೇ ಡಾಕ್ಟರನ್ನು ಕರೆಯಲು ಹೋದಳು. ನಾವಿಬ್ಬರೇ ನೆಲದ ಮೇಲೆ. ಎಷ್ಟೋ ಹೊತ್ತಿನ ಮೇಲೆ ಅತ್ತೆಯವರ ಕೈ ನೋಡಿದೆ. ಸದಾ ಹಾಕಿಕೊಂಡಿರುವ ಕಪ್ಪು ಕಸೂತಿಯ ಕೈಗವಸು ಎಲ್ಲೋ ಕಳಚಿ ಬಿದ್ದಿತ್ತು. ಊಟಕ್ಕೂ ತೆಗೆಯದ ಆ ಕೈಗವಸನ್ನು ನಾನು ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಅಂಗೈಯಿಂದ ಮೊಣಕೈವರೆಗೆ ಚರ್ಮ ಕರಗಿದ ಮೇಣದಂತೆ ಮಡಿಕೆಮಡಿಕೆಯಾಗಿದೆ. ನಾನು ನೋಡಿದ್ದನ್ನು ಅವರು ನೋಡಿದರು. ಮುಚ್ಚಿಕೊಳ್ಳಬೇಕಾದರೆ ಟಿಲ್ಲಿಯ ಅಂಗಿಯನ್ನು ಬಿಡಬೇಕಿತ್ತು, ಬಿಡಲಿಲ್ಲ. "ಲಿಡಿಯಾ" ಎಂದರು.

ಮದುವೆಯಾದ ಹೊಸದರಲ್ಲಿ ಸ್ಕಾರ್ಬರೋದ ಕಡಲಂಚಿನಲ್ಲಿ ನಡೆಯುತ್ತ ನೀವು ನನಗೆ ಹೇಳಿದ್ದಿರಿ, ಒಬ್ಬ ತಂಗಿ ಇದ್ದಳು, ಐದು ವರ್ಷಕ್ಕೆ ಕೆಂಪು ಜ್ವರದಲ್ಲಿ ಹೋದಳು ಎಂದು. ಅದು ಜ್ವರವಲ್ಲ ಎಂದು ಅತ್ತೆಯವರು ಹೇಳಿದರು. ಇಪ್ಪತ್ತು ವರ್ಷದ ಹಿಂದಿನ ಜನವರಿ, ಅದೂ ಮಂಗಳವಾರ. ಬಂದವರಿಗೆ ಮಕ್ಕಳನ್ನು ತೋರಿಸಬೇಕು ಎಂದು ಲಿಡಿಯಾಗೆ ಗಂಜಿ ಹಾಕಿದ ತೆಳು ಬಿಳಿ ಮಸ್ಲಿನ್ ಅಂಗಿ ತೊಡಿಸಿದ್ದರು. ದಿವಾನಖಾನೆಯ ಬೆಂಕಿಯ ಹತ್ತಿರ ಮಕ್ಕಳು ಹೋಗುವಂತಿಲ್ಲ, ಕೆಳಗೆ ಹೋದರೆ ಚಳಿಯಲ್ಲಿ ನಿಲ್ಲಬೇಕು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಮೊದಲೇ ಮೇಲೆ, ಮಕ್ಕಳ ಕೋಣೆಯಲ್ಲೇ, ಈಗ ಟಿಲ್ಲಿ ಮಲಗುವ ಕೋಣೆಯಲ್ಲೇ, ಮೈ ಕಾಯಿಸಿಕೊಳ್ಳಲು ಹೋದಳು. ಜಾಲರಿಯನ್ನು ತೊಳೆಯಲು ಕೆಳಗೆ ಒಯ್ದಿದ್ದರು. ಆಯಾ ತಲೆಪಟ್ಟಿ ತರಲು ಹೋಗಿದ್ದಳು. ಕೋಣೆಯಲ್ಲಿ ಇದ್ದದ್ದು ನೀವು, ಎಂಟು ವರ್ಷದವರು. "ಅವನು ಅಲ್ಲೇ ಇದ್ದ ಹೆಸ್ಟರ್. ಎಲ್ಲ ನೋಡಿದ. ನಾನು ಮೇಲೆ ಹೋಗೋ ಹೊತ್ತಿಗೆ..." ಎಂದು ಅಲ್ಲಿಗೆ ನಿಲ್ಲಿಸಿದರು. ಅದರಾಚೆ ನಾನೂ ಕೇಳಲಿಲ್ಲ. ಟಿಲ್ಲಿಯ ಅಂಗಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಯಾರು ಕೇಳಿದ್ರೂ ಜ್ವರ ಅನ್ನು ಅಂದೆ ಅವನಿಗೆ. ಎಂಟು ವರ್ಷದ ಮಗು. ಕೇಳ್ತು. ಹೇಳ್ತಾ ಹೇಳ್ತಾ ಅವನಿಗೆ ಅದೇ ನಿಜ ಆಯ್ತೋ ಏನೋ. ನನಗೆ ಆಗಲಿಲ್ಲ" ಎಂದರು. ಆಮೇಲೆ ಒಂದು ಮಾತು ಹೇಳಿದರು, ಅದನ್ನು ಹೇಗಿತ್ತೋ ಹಾಗೇ ಬರೆಯುತ್ತೇನೆ: "ಊರವರು ಜಿಪುಣಿ ಅಂದ್ರು. ಅನ್ಲಿ ಅಂತ ಬಿಟ್ಟೆ. ಆ ಹೆಸರಾದ್ರೆ ಹೊರಬಹುದು."

ನೀವು ಯಾಕೆ ಯಾವಾಗಲೂ ಜೂನ್, ಜುಲೈನಲ್ಲೇ ಮನೆಗೆ ಬರುತ್ತೀರಿ ಎಂದು ನಾನು ನಾಲ್ಕು ವರ್ಷ ಯೋಚಿಸಿದ್ದೇನೆ. ಬಂದರಿನ ಕೆಲಸ ಚಳಿಗಾಲದಲ್ಲಿ ಹೆಚ್ಚು ಎನ್ನುತ್ತಿದ್ದಿರಿ. ಟಿಲ್ಲಿಯ ಕೋಣೆಯ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ, ಅಲ್ಲಿಂದಲೇ ಅವಳನ್ನು ಕೈಚಾಚಿ ಕರೆಯುತ್ತಿದ್ದಿರಿ. ಮಗುವನ್ನು ಹೊಸ್ತಿಲಲ್ಲಿ ನಿಂತು ಮುದ್ದುಮಾಡುವ ತಂದೆ ಎಂದು ನಾನು ನಕ್ಕಿದ್ದೆ. ನಗಬಾರದಿತ್ತು. ಆದರೆ ನೀವು ಹೇಳಬಹುದಿತ್ತು, ಆಂಬ್ರೋಸ್. ನನ್ನ ಮಗುವನ್ನು ಆ ಕೋಣೆಯಲ್ಲಿ ಮಲಗಿಸಿದೆ. ಅಮ್ಮ ಹೇಳಿದಂತೆ ಕೇಳು ಎಂದು ನೀವು ಬರೆದಾಗ ನಿಮಗೆ ಎಲ್ಲ ಗೊತ್ತಿತ್ತು. ಒಬ್ಬರು ಮೊಮ್ಮಗಳನ್ನು ಬೆಂಕಿಯಿಂದ ಕಾಯುತ್ತ, ಇನ್ನೊಬ್ಬರು ತಾಯಿಯನ್ನು ನೆನಪಿನಿಂದ ಕಾಯುತ್ತ, ನಡುವೆ ನನ್ನ ಕೂಸು ಚಳಿಗೆ ಸಾಯುವುದರಲ್ಲಿತ್ತು. ಇದನ್ನು ಬರೆಯುತ್ತ ನನಗೆ ಅಳು ಬರುತ್ತಿದೆ, ಅಳು ನಿಮ್ಮ ಮೇಲೋ ನಿಮಗಾಗಿಯೋ ತಿಳಿಯುತ್ತಿಲ್ಲ.

ಡಾಕ್ಟರ್ ಮಂಗಳವಾರ ಸಂಜೆಯಿಂದ ನಾಲ್ಕು ಸಲ ಬಂದಿದ್ದಾರೆ. ಬಲಗಡೆಯ ಶ್ವಾಸಕೋಶಕ್ಕೆ ಇಳಿದಿದೆ ಎಂದರು. ತೊಟ್ಟಿಲಮಂಚವನ್ನು ದಿವಾನಖಾನೆಗೇ ತಂದೆವು, ಅಂದಿನಿಂದ ಬೆಂಕಿ ಆರಿಲ್ಲ. ಪಿಯಾನೋದ ಮೇಲೆ ಔಷಧದ ಸೀಸೆಗಳು, ಒಳ್ಳೆಯ ಕುರ್ಚಿಗಳ ಬೆನ್ನಿಗೆ ಒದ್ದೆ ಬಟ್ಟೆಗಳು. ಅತ್ತೆಯವರು ಅಗ್ಗಿಷ್ಟಿಕೆಗೂ ಮಂಚಕ್ಕೂ ನಡುವೆ ಸ್ಟೂಲು ಹಾಕಿಕೊಂಡು, ಬೆಂಕಿಗೆ ಬೆನ್ನು ಮಾಡಿ ಕೂತಿದ್ದಾರೆ. ಒಂದು ಕಲ್ಲಿದ್ದಲು ಚಟ್ ಎಂದರೂ ಅವರ ಮೈಯೆಲ್ಲ ಜಿಗಿಯುತ್ತದೆ. ಏಳುವುದಿಲ್ಲ. ನಾನು ಹೋಗಿ ಮಲಗಿ ಎಂದರೆ "ನೀನು ಬೇಕಾದ್ರೆ ಮಲಗು, ನನಗೆ ಮಲಗಿ ಇಪ್ಪತ್ತು ವರ್ಷ ಆಯ್ತು" ಎನ್ನುತ್ತಾರೆ. ಹಬೆಯ ಕೆಟಲ್ಲಿಗೆ ನೀರು ಹಾಕುವುದು ಅವರೇ. ನಿನ್ನೆ ಗುರುವಾರ ಟಿಲ್ಲಿಗೆ ಜ್ವರ ಏರಿ, ಯಾರನ್ನೂ ಗುರುತಿಸಲಿಲ್ಲ. ನನ್ನನ್ನು "ಮಿಸ್" ಎಂದಳು. ಇವತ್ತು ಬೆಳಗ್ಗೆ ಡಾಕ್ಟರು, ಇಂದು ಅಥವಾ ನಾಳೆ ತೀರ್ಮಾನವಾಗುತ್ತದೆ ಎಂದರು. ಏನು ತೀರ್ಮಾನ ಎಂದು ಕೇಳಿದೆ. ನನ್ನ ಭುಜ ತಟ್ಟಿದರು. ಅವರು ಎಂದೂ ಯಾರ ಭುಜವನ್ನೂ ತಟ್ಟುವವರಲ್ಲ.

ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ, ಆಂಬ್ರೋಸ್. ಬೇಡಿಕೊಳ್ಳಲು ಅತ್ತೆ ಇದ್ದರು, ಸಿಟ್ಟಾಗಲು ಅತ್ತೆ ಇದ್ದರು, ಈಗ ಅವರೂ ನನ್ನಂತೆಯೇ ಕೈಚೆಲ್ಲಿ ಕೂತಿದ್ದಾರೆ. ನಾನು ಟಿಲ್ಲಿಯ ಉಸಿರು ಎಣಿಸುತ್ತೇನೆ, ನಿಮಿಷಕ್ಕೆ ಅರವತ್ತು ದಾಟಿದರೆ ಎಣಿಸುವುದನ್ನು ಬಿಟ್ಟುಬಿಡುತ್ತೇನೆ, ಮತ್ತೆ ಎಣಿಸುತ್ತೇನೆ. ನೀವು ಇಲ್ಲಿ ಇರಬೇಕಿತ್ತು. ಇದ್ದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ, ಆದರೂ ಇರಬೇಕಿತ್ತು.

ಬಿನ್ಸ್ ನಿಮಗೆ ನಮಸ್ಕಾರ ಹೇಳಿದ್ದಾಳೆ. ಊಟದ ಹೊತ್ತಿಗೆ ಊಟ ಮಾಡಬೇಕಂತೆ, ಅವಳ ಆಣೆಯಂತೆ. ಆ ದ್ವೀಪದ ಬಿಸಿಲು ನಿಮ್ಮ ಮೈಗೂ ಮನಸ್ಸಿಗೂ ಹಿತವಾಗಿರಲಿ, ದೇವರು ನಮ್ಮ ಮೂರು ಜನರನ್ನೂ, ನಿಮ್ಮ ತಾಯಿಯನ್ನೂ ಕಾಯಲಿ.

ಎಂದೆಂದಿಗೂ ನಿಮ್ಮವಳಾದ,
ಹೆಸ್ಟರ್

ಮತ್ತೆ ಬರೆದದ್ದು, ಶನಿವಾರ, ಮೂರು ಗಂಟೆ. ಸ್ಟೇಷನ್ನಿನ ದಾರಿ ತೆರೆದಿದೆ, ಬಿನ್ಸ್ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಾಳೆ, ಹೆಚ್ಚು ಬರೆಯಲಾರೆ. ಬೆಳಗ್ಗೆ ಹನ್ನೊಂದಕ್ಕೆ ಟಿಲ್ಲಿ ಬೆವತಳು. ದಿಂಬು ಹಿಂಡುವಷ್ಟು ಬೆವತಳು. ಉಸಿರು ಇಳಿಯಿತು, ನಿದ್ದೆ ಮಾಡಿದಳು, ಎದ್ದು ಬ್ರೆಡ್ಡಿಗೆ ಕಾಕಂಬಿ ಹಚ್ಚಿ ಕೊಡು ಎಂದಳು. ತಿಂದಳು! ಡಾಕ್ಟರು ಗಂಡಾಂತರ ಕಳೆಯಿತು ಎಂದಿದ್ದಾರೆ. ಆದರೆ ಶ್ವಾಸಕೋಶದಲ್ಲಿ ಕಲೆ ಉಳಿಯುತ್ತದಂತೆ, ಈ ಊರಿನ ಇನ್ನೊಂದು ಚಳಿಗಾಲವನ್ನು ಅವಳು ತಡೆಯಲಾರಳಂತೆ. ಆದ್ದರಿಂದ ನಾವು ಬರುತ್ತೇವೆ, ಏಪ್ರಿಲಿನ ಹಡಗಿಗೆ. ಇದು ಕೇಳಿಕೆಯಲ್ಲ, ತಿಳಿಸುತ್ತಿದ್ದೇನೆ. ಮೂವರಿಗೆ ಜಾಗ ನೋಡಿ. ಮೂರನೆಯವರು ಅತ್ತೆ. ನಾನು ಕರೆದೆ, ಅವರು ಬೇಡ ಎಂದರು, ಒಂದು ಗಂಟೆಯ ಮೇಲೆ, ಆಂಬ್ರೋಸ್ ಒಪ್ಪಿದರೆ ಎಂದರು. ನೀವು ಒಪ್ಪುವ ಮೊದಲು ನಿಮಗೆ ಒಂದು ವಿಷಯ ಗೊತ್ತಿರಬೇಕಂತೆ, ಅದನ್ನು ನನಗೂ ಹೇಳಿರಲಿಲ್ಲ. ಲೇಖನಿ ಅವರಿಗೇ ಕೊಡುತ್ತಿದ್ದೇನೆ.

ಆಂಬ್ರೋಸ್. ಲಿಡಿಯಾ ಹೋದ ವರ್ಷವೆಲ್ಲ ನೀನು ನಿದ್ದೆಯಲ್ಲಿ, ನಾನು ಮೆಲ್ಲಗೆ ಕೂಗಿದೆ, ಅದಕ್ಕೇ ಅಮ್ಮ ಬೇಗ ಬರಲಿಲ್ಲ ಎಂದು ಹೇಳುತ್ತಿದ್ದೆ. ನಾನು ತಿದ್ದಲಿಲ್ಲ. ನೀನು ಮೊದಲ ಸಲ ಕೂಗಿದಾಗಲೇ ನನಗೆ ಕೇಳಿಸಿತ್ತು. ಪಾದ್ರಿಗಳ ಹೆಂಡತಿ ಮಾತಾಡುತ್ತಿದ್ದರು. ನಾನು ಬಟ್ಟಲು ತುಂಬಿಸಿ, ಅವರ ಕೈಗೆ ಕೊಟ್ಟು, ಅವರ ಮಾತು ಮುಗಿದ ಮೇಲೆ ಎದ್ದೆ.

ಆಂಬ್ರೋಸ್, ಮತ್ತೆ ನಾನೇ, ಹೆಸ್ಟರ್. ಅವರು ಕಿಟಕಿಯ ಕಡೆ ತಿರುಗಿ ನಿಂತಿದ್ದಾರೆ. ಇದಕ್ಕೆ ಉತ್ತರ ಬರೆಯಿರಿ. ನನಗೆ ಬೇಡ, ಅವರಿಗೆ ಬರೆಯಿರಿ.